ಮೇಡನ್ ಆಫ್ ಬ್ಲಾಕ್ ವಾಟರ್: ದೆವ್ವ ಎದುರಿಗೆ ಬರುವವರೆಗೂ ಕಾಯುವುದು ಹೇಗೆ?

ಮೇಡನ್ ಆಫ್ ಬ್ಲಾಕ್ ವಾಟರ್ ದೆವ್ವಗಳನ್ನು ಕ್ಯಾಮೆರಾದಲ್ಲಿ ಚಿತ್ರ ತೆಗೆದೇ ಸೋಲಿಸಬೇಕಾದ ಹಾರರ್ ವಿಡಿಯೋ ಗೇಮ್, ಫಿಲ್ಮ್ ಇಲ್ಲಿ ಬಂದೂಕಿನ ಗುಂಡಿನ ಹಾಗೆ. ಈ ಗೇಮ್ ಬಗ್ಗೆ ನನಗೆ ಬರುವ ಪ್ರಶ್ನೆಗಳು ಎಲ್ಲೆಲ್ಲಿಂದಲೋ ಶುರುವಾಗಿ ಕೊನೆಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ‘ಒಳ್ಳೆಯ ಫಿಲ್ಮ್ ಎಲ್ಲ ಮುಗಿದುಹೋಯಿತು, ದೆವ್ವದ ಹೆಲ್ತ್ ಮಾತ್ರ ಅರ್ಧಕ್ಕೂ ಇಳಿದಿಲ್ಲ.’ ‘ಓಡುತ್ತಲೇ ಇದ್ದೇನೆ, ಎಲ್ಲಿಂದಲೋ ಹಿಂದಿನಿಂದ ಬಂದು ಹಿಡಿಯುತ್ತೆ.’ ‘ಇಬ್ಬರು ಸೇರಿ ಬಂದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ.’ ಇವು ಮೂರು ತೊಂದರೆಗಳಂತೆ ಕಂಡರೂ ಬೇರು ಒಂದೇ. ದೆವ್ವ ದೂರ ಇರುವಾಗಲೇ ನಾವು ಶಟರ್ ಒತ್ತುತ್ತೇವೆ, ಹತ್ತಿರ ಬಂದಾಗ ಕ್ಯಾಮೆರಾ ಕೆಳಗಿಳಿಸಿ ಓಡುತ್ತೇವೆ. ಈ ಗೇಮ್ ಕೇಳುವುದು ಇದಕ್ಕೆ ಪೂರ್ತಿ ಉಲ್ಟಾ.

ಹಾಗಾಗಿ ಕಥೆ ಹೇಳುವುದಿಲ್ಲ, ಸರಣಿಯ ಚರಿತ್ರೆಗೂ ಹೋಗುವುದಿಲ್ಲ. ಕ್ಯಾಮೆರಾ ಹಿಡಿದು ನಿಲ್ಲುವುದನ್ನು ಮಾತ್ರ ಹಂತ ಹಂತವಾಗಿ ಹೇಳುತ್ತೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯ ಹಂತ ಕೈಗೆ ಹತ್ತದೆ ಐದನೆಯದಕ್ಕೆ ಹಾರಿದರೆ ಮತ್ತೆ ಫಿಲ್ಮ್ ಖಾಲಿಯಾಗಿ ನಿಲ್ಲುತ್ತೀರಿ.

## ಶುರು ಮಾಡುವ ಮುಂಚೆ ಬೇಕಾದದ್ದು

ಇದು ಮೊದಲು 2014ರಲ್ಲಿ ಜಪಾನಿನಲ್ಲಿ ವೀ ಯು ಕನ್ಸೋಲ್‌ಗೆ ಬಂದ ಗೇಮ್. ಈಗ ನಮಗೆ ಸಿಗುವುದು 2021ರ ಅಕ್ಟೋಬರ್‌ನಲ್ಲಿ ಬಂದ ರೀಮಾಸ್ಟರ್, ಅಂದರೆ ಅದೇ ಗೇಮ್‌ನ ತಿದ್ದಿ ತೀಡಿದ ಆವೃತ್ತಿ. ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ನಾಲ್ಕರಲ್ಲೂ ಇದೆ. ಒಂದು ದೇಶದಲ್ಲಿ ಫೇಟಲ್ ಫ್ರೇಮ್ ಅಂತ, ಇನ್ನೊಂದರಲ್ಲಿ ಪ್ರಾಜೆಕ್ಟ್ ಝೀರೋ ಅಂತ ಸರಣಿಯ ಹೆಸರು ಕಂಡರೆ ಎರಡು ಬೇರೆ ಗೇಮ್ ಅಂದುಕೊಂಡು ದುಡ್ಡು ಕೊಡಬೇಡಿ, ಎರಡೂ ಒಂದೇ.

ಪಿಸಿಯಲ್ಲಿ ಆಡುವವರಿಗೆ ಒಂದು ಕಂಟ್ರೋಲರ್ ಬೇಕು. ಕೀಬೋರ್ಡ್‌ನಲ್ಲಿ ಆಡಲು ಹೊರಟು ಬೇಸತ್ತು ಬಿಟ್ಟವರನ್ನು ನೋಡಿದ್ದೇನೆ. ನಡೆಯುತ್ತಾ, ಗುರಿ ಇಡುತ್ತಾ, ಕ್ಯಾಮೆರಾವನ್ನು ಓರೆ ಮಾಡುತ್ತಾ ಇರಬೇಕಾದ ಗೇಮ್ ಇದು. ಎರಡೂ ಹೆಬ್ಬೆರಳಿಗೆ ಒಂದೊಂದು ಸ್ಟಿಕ್ ಇದ್ದರೆ ಕೆಲಸ ಹಗುರ.

ಹೆಡ್‌ಫೋನ್ ಇಲ್ಲದೆ ಆಡಬೇಡಿ. ಭಯ ಜಾಸ್ತಿಯಾಗಲಿ ಅಂತ ಹೇಳುತ್ತಿಲ್ಲ. ದೆವ್ವ ಕಣ್ಣಿಂದ ಮರೆಯಾದಾಗ ಅದು ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ತಿಳಿಸುವುದು ಶಬ್ದ. ಟಿವಿ ಸ್ಪೀಕರ್‌ನಲ್ಲಿ ಆ ಸುಳಿವು ಅರ್ಧ ಕಳೆದುಹೋಗುತ್ತದೆ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಓದಿ. ಕಥೆ ನಡೆಯುವ ಹಿಕಾಮಿ ಬೆಟ್ಟ ಜನ ಪ್ರಾಣ ಕಳೆದುಕೊಳ್ಳಲು ಹೋಗುವ ಜಾಗ. ಆತ್ಮಹತ್ಯೆ ಈ ಗೇಮ್‌ನ ಉದ್ದಕ್ಕೂ ಇದೆ, ಕೆಲವು ದೃಶ್ಯಗಳಲ್ಲಿ ನೇರವಾಗಿಯೇ ಕಾಣುತ್ತದೆ. ಮನಸ್ಸು ಸರಿಯಿಲ್ಲದ ದಿನಗಳಲ್ಲಿ ಇದನ್ನು ತೆಗೆಯಬೇಡಿ. ಮನೆಯ ಮಕ್ಕಳು ಪಕ್ಕದಲ್ಲಿ ಕೂತು ನೋಡುವ ಆಟವೂ ಇದಲ್ಲ.

## ಹಂತ 1: ಸೆಟ್ಟಿಂಗ್ಸ್ ಸರಿಮಾಡಿಕೊಳ್ಳಿ

ಹತ್ತು ನಿಮಿಷದ ಕೆಲಸ, ಆದರೆ ಯಾರೂ ಮಾಡುವುದಿಲ್ಲ.

ಮೊದಲು ಬ್ರೈಟ್‌ನೆಸ್. ತೀರಾ ಕತ್ತಲಿದ್ದರೆ ಗೋಡೆ ಯಾವುದು, ಬಾಗಿಲು ಯಾವುದು ಅಂತ ತಿಳಿಯದೆ ಮೂಲೆಗೆ ಸಿಕ್ಕಿಕೊಳ್ಳುತ್ತೀರಿ. ಕೋಣೆಯ ನಾಲ್ಕು ಮೂಲೆ ಮಸುಕಾಗಿಯಾದರೂ ಕಾಣುವಷ್ಟು ಇಡಿ.

ಆಮೇಲೆ ಫೈಂಡರ್‌ನ, ಅಂದರೆ ಕ್ಯಾಮೆರಾ ಮೂಲಕ ಕಾಣುವ ಚೌಕಟ್ಟಿನ, ಸ್ಟಿಕ್ ದಿಕ್ಕು. ಕ್ಯಾಮೆರಾ ಎತ್ತಿದಾಗ ಮೇಲೆ ತಳ್ಳಿದರೆ ಮೇಲೆ ಹೋಗಬೇಕೋ ಕೆಳಗೆ ಹೋಗಬೇಕೋ ಅನ್ನುವುದು ನಿಮ್ಮ ಕೈಯ ಅಭ್ಯಾಸಕ್ಕೆ ಬಿಟ್ಟದ್ದು. ನಿಮ್ಮ ಕೈಗೆ ಸಹಜವಾದ ದಿಕ್ಕನ್ನು ಈಗಲೇ ಗೊತ್ತುಮಾಡಿ, ಮತ್ತೆ ಬದಲಾಯಿಸಬೇಡಿ. ಸ್ವಿಚ್‌ನಲ್ಲಿ ಆಡುವವರು ಕೈ ಅಲುಗಾಡಿಸಿ ಗುರಿ ಇಡುವ ಸೌಲಭ್ಯವನ್ನು ಒಮ್ಮೆ ಹಾಕಿ ನೋಡಿ. ಕೈಯಲ್ಲಿ ಹಿಡಿದು ಆಡುವಾಗ ಅದು ನಿಜವಾಗಿ ಕ್ಯಾಮೆರಾ ಹಿಡಿದ ಹಾಗೇ ಇರುತ್ತದೆ. ದಣಿವಾದರೆ ತೆಗೆದುಬಿಡಿ.

ಕಷ್ಟದ ಮಟ್ಟ ಈಸಿ ಇರಲಿ. ಇದರಲ್ಲಿ ಅವಮಾನ ಏನೂ ಇಲ್ಲ. ನಾವು ಮುಂದೆ ಬೇಕೆಂದೇ ಪೆಟ್ಟು ತಿನ್ನುವ ಅಭ್ಯಾಸ ಮಾಡಲಿದ್ದೇವೆ, ಅದಕ್ಕೆ ಹೆಲ್ತ್ ಉಳಿಯಬೇಕು.

## ಹಂತ 2: ಫೈಂಡರ್ ಓದುವುದನ್ನು ಕಲಿಯಿರಿ

ನಿಮ್ಮ ಕೈಯಲ್ಲಿರುವ ಏಕೈಕ ಆಯುಧ ಕ್ಯಾಮೆರಾ ಅಬ್ಸ್ಕ್ಯೂರ. ಅದನ್ನು ಎತ್ತಿದರೆ ಪರದೆ ಫೈಂಡರ್ ಆಗುತ್ತದೆ. ಅಲ್ಲಿ ಬಹಳ ಗುರುತುಗಳಿವೆ, ಮೊದಲ ದಿನ ಎಲ್ಲವನ್ನೂ ನೋಡಲು ಹೋಗಬೇಡಿ. ಮೂರು ಸಾಕು.

ಒಂದು, ಎಚ್ಚರಿಕೆಯ ಬೆಳಕು. ಸುತ್ತ ಏನಾದರೂ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ಕೆಂಪಾದರೆ ನಿಮ್ಮ ಮೇಲೆ ಬೀಳಲು ಬರುವ ದೆವ್ವ. ನೀಲಿಯಾದರೆ ಹೆದರುವುದು ಬೇಡ, ಅಲ್ಲಿ ಚಿತ್ರ ತೆಗೆಯಬೇಕಾದ ಏನೋ ಇದೆ. ನೀಲಿ ಕಂಡು ಓಡಿಹೋಗಿ ಬಾಗಿಲು ಏಕೆ ತೆರೆಯುತ್ತಿಲ್ಲ ಅಂತ ಅರ್ಧ ಗಂಟೆ ಅಲೆಯುವವರು ಬಹಳ.

ಎರಡು, ದೆವ್ವದ ಮೈಮೇಲೆ ಕಾಣುವ ಗುರಿಗಳು. ದೆವ್ವಕ್ಕೆ ಪೆಟ್ಟು ಬಿದ್ದಾಗ ಅದರ ಮೈಯಿಂದ ಚೂರುಗಳು ಸಿಡಿದು ಗಾಳಿಯಲ್ಲಿ ತೇಲುತ್ತವೆ. ಅವೂ ಗುರಿಗಳೇ. ಒಂದು ಚಿತ್ರದಲ್ಲಿ ಎಷ್ಟು ಹೆಚ್ಚು ಗುರಿ ಸಿಕ್ಕಿದರೆ ಅಷ್ಟು ಹೆಚ್ಚು ಪೆಟ್ಟು.

ಮೂರು, ಚೌಕಟ್ಟು ಕೆಂಪಗೆ ಹೊಳೆಯುವ ಆ ಒಂದು ಗಳಿಗೆ. ಇದಕ್ಕೇ ನಾಲ್ಕನೆಯ ಹಂತ ಪೂರ್ತಿ ಮೀಸಲಿಟ್ಟಿದ್ದೇನೆ.

## ಹಂತ 3: ಬರಿಯ ಟೈಪ್-07 ಹಿಡಿದು ದೂರವನ್ನು ಅಳೆಯಿರಿ

ಫಿಲ್ಮ್‌ಗಳ ಪಟ್ಟಿಯಲ್ಲಿ ಟೈಪ್-07 ಎಂದಿಗೂ ಮುಗಿಯುವುದಿಲ್ಲ. ಶಕ್ತಿ ಕಡಿಮೆ. ಮೊದಲ ಕೆಲವು ಕಾಳಗಗಳಲ್ಲಿ ಇದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ ಅಂತ ತೀರ್ಮಾನಿಸಿ.

ಈಗ ಒಂದು ದೆವ್ವ ಎದುರಿಗಿದೆ ಅಂದುಕೊಳ್ಳಿ. ಅದು ದೂರದಲ್ಲಿರುವಾಗ ಒಂದು ಚಿತ್ರ ತೆಗೆಯಿರಿ, ಹೆಲ್ತ್ ಎಷ್ಟು ಇಳಿಯಿತು ನೋಡಿ. ನಾಲ್ಕೈದು ಹೆಜ್ಜೆ ಹತ್ತಿರ ಬಂದ ಮೇಲೆ ಇನ್ನೊಂದು. ಮುಖ ಫೈಂಡರ್ ತುಂಬ ಬಂದ ಮೇಲೆ ಮತ್ತೊಂದು. ಮೂರಕ್ಕೂ ಇರುವ ವ್ಯತ್ಯಾಸವನ್ನು ಕಣ್ಣಾರೆ ನೋಡಿದ ಮೇಲೆ ‘ಹತ್ತಿರದಿಂದ ತೆಗೆಯಿರಿ’ ಅಂತ ಯಾರೂ ಹೇಳಬೇಕಾಗುವುದಿಲ್ಲ. ಫಿಲ್ಮ್ ಸಾಲುತ್ತಿಲ್ಲ ಅನ್ನುವವರ ಫಿಲ್ಮ್ ಹೋಗಿರುವುದು ಈ ದೂರದ ಚಿತ್ರಗಳಿಗೇ.

ಇಲ್ಲಿ ಆಗುವ ತಪ್ಪು ಫೈಂಡರ್‌ನಲ್ಲಿದ್ದುಕೊಂಡೇ ಹಿಂದೆ ಹಿಂದೆ ನಡೆಯುವುದು. ಕ್ಯಾಮೆರಾ ಎತ್ತಿದಾಗ ನಡಿಗೆ ತುಂಬ ನಿಧಾನ, ಬೆನ್ನ ಹಿಂದೆ ಗೋಡೆ ಇದೆಯೋ ಮೇಜಿದೆಯೋ ಕಾಣುವುದಿಲ್ಲ. ದೆವ್ವಕ್ಕೆ ಗೋಡೆ ಲೆಕ್ಕಕ್ಕಿಲ್ಲ, ನಿಮಗಿದೆ. ಕಾಳಗ ಶುರುವಾದ ಕೂಡಲೇ ಕ್ಯಾಮೆರಾ ಎತ್ತುವ ಮುಂಚೆ ಕೋಣೆಯ ನಡುವಿಗೆ ಬನ್ನಿ, ಆಮೇಲೆ ಎತ್ತಿ. ಕಿರಿದಾದ ಓಣಿಯಲ್ಲಿ ಸಿಕ್ಕಿಬಿದ್ದರೆ ಚಿತ್ರ ತೆಗೆಯುವ ಹಟ ಬಿಟ್ಟು ಮೊದಲು ಅಗಲದ ಜಾಗಕ್ಕೆ ಓಡಿ. ಓಟ ಬೇಕಾಗುವುದು ಜಾಗ ಬದಲಿಸಲು.

## ಹಂತ 4: ಕೆಂಪು ಬೆಳಕಿಗೆ ಕಾಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದುವ ಸಮಯವಿದ್ದರೆ ಇದನ್ನು ಓದಿ.

ದೆವ್ವ ನಿಮ್ಮನ್ನು ಹಿಡಿಯಲು ಮುನ್ನುಗ್ಗುತ್ತದೆ. ಕೈ ಚಾಚಿದ ಆ ಗಳಿಗೆಯಲ್ಲಿ ಫೈಂಡರ್ ಕೆಂಪಗೆ ಹೊಳೆಯುತ್ತದೆ, ಜೊತೆಗೊಂದು ಶಬ್ದ. ಆಗ ಶಟರ್ ಒತ್ತಿದರೆ ಆ ಚಿತ್ರಕ್ಕೆ ಸರಣಿಯದೇ ಹೆಸರು: ಫೇಟಲ್ ಫ್ರೇಮ್. ದೊಡ್ಡ ಪೆಟ್ಟು ಬೀಳುತ್ತದೆ, ದೆವ್ವ ಹಿಂದಕ್ಕೆ ಎಸೆಯಲ್ಪಡುತ್ತದೆ, ಸ್ವಲ್ಪ ಹೊತ್ತು ರೀಲೋಡ್‌ಗೆ (ಮುಂದಿನ ಚಿತ್ರಕ್ಕೆ ಫಿಲ್ಮ್ ಸಜ್ಜಾಗುವುದಕ್ಕೆ) ಕಾಯದೆ ಒಂದರ ಹಿಂದೊಂದು ಚಿತ್ರ ತೆಗೆಯಲು ಬಿಡುತ್ತದೆ. ಆ ಕೆಲವು ಚಿತ್ರಗಳು ಮಾಡುವ ಕೆಲಸವನ್ನು ದೂರದಿಂದ ತೆಗೆದ ಹತ್ತಾರು ಚಿತ್ರಗಳು ಮಾಡುವುದಿಲ್ಲ.

ಹೇಳಲು ಸುಲಭ. ಮಾಡಲು ಏಕೆ ಆಗುವುದಿಲ್ಲ ಅಂದರೆ, ಬೆರಳು ಕಣ್ಣಿಗಿಂತ ಮುಂಚೆ ಹೆದರುತ್ತದೆ. ನನ್ನ ಚಿಕ್ಕಪ್ಪನ ಮಗ ಮೊದಲ ಸಲ ಆಡುವಾಗ ಪಕ್ಕದಲ್ಲಿ ಕೂತಿದ್ದೆ. ದೆವ್ವ ತಲೆ ಎತ್ತಿದರೆ ಸಾಕು, ಟಕ್ ಅಂತ ಒತ್ತುತ್ತಿದ್ದ. ಅದು ನುಗ್ಗುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ರೀಲೋಡ್ ಆಗುತ್ತಿರುತ್ತಿತ್ತು. ಕೆಂಪು ಬೆಳಕು ಬಂದು ಹೋಗುತ್ತಿತ್ತು, ಶಟರ್ ಕೆಲಸ ಮಾಡುತ್ತಿರಲಿಲ್ಲ. ‘ಒತ್ತಿದೆ ಕಣೋ, ಆಗಲೇ ಇಲ್ಲ’ ಅನ್ನುತ್ತಿದ್ದ. ಒತ್ತಿದ್ದು ನಿಜ. ಎರಡು ಸೆಕೆಂಡ್ ಮುಂಚಿನ ಬೇಡದ ಚಿತ್ರ ಬೇಕಾದ ಚಿತ್ರವನ್ನು ನುಂಗಿಹಾಕಿತ್ತು.

ಅದಕ್ಕೆ ಅಭ್ಯಾಸ ಹೀಗೆ ಮಾಡಿ.

1. ಮುಗಿಸಿದ ಅಧ್ಯಾಯವೊಂದನ್ನು ಈಸಿಯಲ್ಲಿ ಮತ್ತೆ ತೆರೆಯಿರಿ. ಹೊಸ ಕಥೆಯ ನಡುವೆ ಅಭ್ಯಾಸ ಬೇಡ, ಮುಂದೇನಾಗುತ್ತದೋ ಅನ್ನುವ ಕಾತರ ಕೈಯನ್ನು ಅವಸರಿಸುತ್ತದೆ.

2. ಮೊದಲ ದೆವ್ವ ಬಂದಾಗ ಕ್ಯಾಮೆರಾ ಎತ್ತಿ, ಗುರಿ ಇಟ್ಟುಕೊಂಡಿರಿ, ಶಟರ್ ಮೇಲಿಂದ ಬೆರಳು ತೆಗೆದುಬಿಡಿ. ಅದು ಬಂದು ಹಿಡಿಯಲಿ. ಮೂರು ಸಲ ಹೀಗೆ ಪೆಟ್ಟು ತಿನ್ನಿ. ಈ ಮೂರು ಸಲವೂ ನಿಮ್ಮ ಕೆಲಸ ನೋಡುವುದು ಮಾತ್ರ: ನುಗ್ಗುವ ಮುಂಚೆ ಅದರ ಮೈ ಹೇಗೆ ಬಾಗುತ್ತದೆ, ಶಬ್ದ ಯಾವಾಗ ಏರುತ್ತದೆ, ಕೆಂಪು ಎಷ್ಟು ಹೊತ್ತು ಇರುತ್ತದೆ.

3. ನಾಲ್ಕನೆಯ ಸಲ ಬೆರಳು ಶಟರ್ ಮೇಲಿಡಿ. ಕೆಂಪು ಕಂಡಾಗ ಒಂದೇ ಒಂದು ಸಲ ಒತ್ತಿ. ತಪ್ಪಿದರೆ ತಪ್ಪಲಿ, ಮತ್ತೆ ಮತ್ತೆ ಒತ್ತಬೇಡಿ.

4. ಸಿಕ್ಕಿದರೆ, ದೆವ್ವ ಹಿಂದಕ್ಕೆ ಹೋಗುವಾಗ ಫೈಂಡರ್ ಅದನ್ನೇ ಹಿಂಬಾಲಿಸಲಿ, ಶಟರ್ ಒತ್ತುತ್ತಲೇ ಇರಿ. ಮೊದಲ ಚಿತ್ರ ಸಿಕ್ಕ ಖುಷಿಗೆ ಕೈ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಲಾಭ ಇರುವುದು ಅದರ ಬೆನ್ನಿಗೇ ಬರುವ ಚಿತ್ರಗಳಲ್ಲಿ.

ದೆವ್ವ ನುಗ್ಗುವ ಬದಲು ಮಾಯವಾಗಿಬಿಟ್ಟರೆ? ಆಗಾಗ ಆಗುತ್ತದೆ. ಫೈಂಡರ್ ಹಿಡಿದು ಗಿರಗಿರ ತಿರುಗಬೇಡಿ. ಕ್ಯಾಮೆರಾ ಇಳಿಸಿ, ಎರಡು ಹೆಜ್ಜೆ ಓಡಿ ಜಾಗ ಬದಲಿಸಿ, ಶಬ್ದ ಕೇಳಿ, ಆಮೇಲೆ ಮತ್ತೆ ಎತ್ತಿ. ಗುರಿಯನ್ನು ದೆವ್ವದ ಕಡೆಗೆ ಎಳೆದುಕೊಡುವ ಲಾಕ್ ಬಟನ್ ಇದೆ, ನಿಯಂತ್ರಣಗಳ ಪುಟದಲ್ಲಿ ಹುಡುಕಿಟ್ಟುಕೊಳ್ಳಿ. ಮೊದಮೊದಲು ಅದು ಇಲ್ಲದೆ ಆಗುವುದಿಲ್ಲ.

## ಹಂತ 5: ಚೂರುಗಳನ್ನು ಒಟ್ಟುಗೂಡಿಸಿ, ಫೈಂಡರ್ ಓರೆ ಮಾಡಿ

ದೆವ್ವ ಮತ್ತು ಅದರ ಚೂರುಗಳು ಸೇರಿ ಐದು ಗುರಿ ಒಂದೇ ಚೌಕಟ್ಟಿಗೆ ಬಂದರೆ ಶಟರ್ ಚಾನ್ಸ್ ಸಿಗುತ್ತದೆ. ಪೆಟ್ಟೂ ಹೆಚ್ಚು, ದೆವ್ವವೂ ತತ್ತರಿಸಿ ಹಿಂದೆ ಸರಿಯುತ್ತದೆ. ಕೆಂಪು ಬೆಳಕು ಸಿಗದ ಹೊತ್ತಿನಲ್ಲಿ ಕಾಳಗ ಮುಂದೆ ಸಾಗಿಸುವುದು ಇದೇ.

ಫೈಂಡರನ್ನು ತಿರುಗಿಸಬಹುದು ಅನ್ನುವುದನ್ನು ಎಷ್ಟೋ ಜನ ಗೇಮ್ ಮುಗಿಯುವವರೆಗೂ ಗಮನಿಸುವುದಿಲ್ಲ. ಮೊಬೈಲಿನಲ್ಲಿ ಎತ್ತರದ ದೇವಸ್ಥಾನದ ಗೋಪುರ ತೆಗೆಯುವಾಗ ಫೋನನ್ನು ನೆಟ್ಟಗೆ ಹಿಡಿಯುತ್ತೇವಲ್ಲ, ಹಾಗೇ. ಚೂರುಗಳು ದೆವ್ವದ ತಲೆಯ ಮೇಲೂ ಕಾಲ ಬುಡದಲ್ಲೂ ತೇಲುತ್ತಿದ್ದರೆ ನೆಟ್ಟಗೆ ಮಾಡಿ, ಅಕ್ಕಪಕ್ಕದಲ್ಲಿದ್ದರೆ ಅಡ್ಡ ಹಿಡಿಯಿರಿ, ಮೂಲೆಯಿಂದ ಮೂಲೆಗೆ ಹರಡಿದ್ದರೆ ಓರೆ. ನಾಲ್ಕು ಗುರಿ ಐದಾಗುವುದು ಬಹಳ ಸಲ ಈ ಒಂದು ತಿರುವಿನಿಂದ.

ಚೂರುಗಳನ್ನು ಹಾಗೇ ಬಿಟ್ಟರೆ ದೆವ್ವ ಅವುಗಳನ್ನು ಮತ್ತೆ ಒಳಗೆಳೆದುಕೊಂಡು ಚೇತರಿಸಿಕೊಳ್ಳುತ್ತದೆ. ‘ಅಷ್ಟು ಹೊಡೆದರೂ ಹೆಲ್ತ್ ಏರಿತಲ್ಲ’ ಅಂತ ಆಶ್ಚರ್ಯಪಡುವವರು ಕಾರಣವನ್ನು ಇಲ್ಲೇ ಹುಡುಕಬೇಕು.

## ಹಂತ 6: ಈಗ ಬೇರೆ ಫಿಲ್ಮ್ ಹಾಕಿ

ಟೈಪ್-07 ಒಂದರಲ್ಲೇ ಎರಡು ಮೂರು ಕಾಳಗ ಗೆದ್ದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಫಿಲ್ಮ್‌ಗಳಲ್ಲಿ ಮುಖ್ಯವಾದವು 07, 14, 61, 90 ಮತ್ತು ಝೀರೋ. ಕೊನೆಯದರ ಹೆಸರು ಝೀರೋ ಆದ್ದರಿಂದ ಅದೇ ಎಲ್ಲಕ್ಕಿಂತ ಕೀಳು ಅಂದುಕೊಂಡು ಸಣ್ಣಪುಟ್ಟ ದೆವ್ವದ ಮೇಲೆ ಸುರಿದವರಿದ್ದಾರೆ. ಅದು ಎಲ್ಲಕ್ಕಿಂತ ಬಲವಾದದ್ದು, ಅಪರೂಪದ್ದು. ಎತ್ತಿಡಿ.

ಪ್ರತಿ ಫಿಲ್ಮ್‌ನ ಶಕ್ತಿಯೂ ರೀಲೋಡ್ ಸಮಯವೂ ಬೇರೆ ಬೇರೆ. ಬಲವಾದ ಫಿಲ್ಮ್ ಹಾಕಿ ದೂರದಿಂದ ಒತ್ತಿದರೆ ಎರಡು ಕಡೆ ನಷ್ಟ: ಪೆಟ್ಟು ಕಡಿಮೆ, ಮುಂದಿನ ಚಿತ್ರಕ್ಕೆ ಕಾಯುವ ಹೊತ್ತು ಹೆಚ್ಚು. ಅದೇ ಫಿಲ್ಮ್ ಫೇಟಲ್ ಫ್ರೇಮ್‌ನಲ್ಲಿ ಬಿದ್ದರೆ ಆ ಕಾಯುವಿಕೆಯೇ ಇಲ್ಲ. ನನ್ನ ರೂಢಿ ಇಷ್ಟು: ಕಾಳಗ ಶುರುವಾಗುವುದು 07ರಲ್ಲಿ, ದೆವ್ವದ ನಡೆ ಒಂದೆರಡು ಸಲ ನೋಡಿಕೊಂಡ ಮೇಲೆ 14 ಅಥವಾ 61. 90 ಇರುವುದು ಅಧ್ಯಾಯದ ಕೊನೆಗೆ ಬರುವ ದೊಡ್ಡವರಿಗೆ. ಬದಲಾಯಿಸುವುದನ್ನು ದೆವ್ವ ದೂರ ಇರುವಾಗಲೇ ಮಾಡಿ, ಅದು ನುಗ್ಗುವಾಗ ಪಟ್ಟಿಯಲ್ಲಿ ಹುಡುಕುತ್ತಾ ಕೂರಬಾರದು.

## ಹಂತ 7: ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಹೆಸರಿನಲ್ಲೇ ಕಪ್ಪು ನೀರಿದೆ. ಮಳೆಯಲ್ಲಿ ನಿಂತರೆ, ಹೊಂಡಕ್ಕಿಳಿದರೆ, ಒದ್ದೆ ದೆವ್ವ ಮುಟ್ಟಿದರೆ ನೀವೂ ಒದ್ದೆಯಾಗುತ್ತೀರಿ. ಎಷ್ಟು ಒದ್ದೆ ಅಂತ ತೋರಿಸುವ ಗುರುತು ಪರದೆಯಲ್ಲೇ ಇದೆ. ಅದು ತುಂಬಿದಷ್ಟೂ ದೆವ್ವಗಳು ಹೆಚ್ಚು ಎಳೆಯಲ್ಪಡುತ್ತವೆ, ಬೀಳುವ ಪೆಟ್ಟು ಜಾಸ್ತಿಯಾಗುತ್ತದೆ. ಆದರೆ ನಿಮ್ಮ ಚಿತ್ರದ ಪೆಟ್ಟೂ ಜಾಸ್ತಿಯಾಗುತ್ತದೆ. ಇದು ಬರಿಯ ಶಿಕ್ಷೆ ಅಲ್ಲ ಅನ್ನುವುದು ನನಗೆ ಈ ಗೇಮ್‌ನಲ್ಲಿ ತುಂಬ ಇಷ್ಟವಾದ ಸಂಗತಿ.

ಹಾಗಾದರೆ ಯಾವಾಗ ಒಣಗಿಸಿಕೊಳ್ಳಬೇಕು? ಫೇಟಲ್ ಫ್ರೇಮ್ ಕೈಗೆ ಹತ್ತುವವರೆಗೂ ಒದ್ದೆ ನಿಮಗೆ ಶತ್ರು, ಒದ್ದೆ ಕಳೆಯುವ ವಸ್ತುವಾದ ಪ್ಯೂರಿಫೈಯಿಂಗ್ ಎಂಬರ್ ಬಳಸಿ ಒಣಗಿಸಿಕೊಳ್ಳಿ. ಹತ್ತಿದ ಮೇಲೆ ಒಂಟಿ ದೆವ್ವದ ಎದುರು ಒದ್ದೆಯಾಗಿಯೇ ನಿಲ್ಲಬಹುದು, ಕಾಳಗ ಬೇಗ ಮುಗಿಯುತ್ತದೆ. ಗುಂಪಿನೆದುರು ಬೇಡ.

ಕೆಲವು ದೆವ್ವಗಳು ಮುಟ್ಟಿದಾಗ ಪರದೆ ಮಂಕಾಗಿ, ಸಣ್ಣ ಪೆಟ್ಟಿಗೂ ಹೆಲ್ತ್ ಧಡಕ್ಕನೆ ಇಳಿಯತೊಡಗುತ್ತದೆ. ಇದು ಸೋಂಕು ತಗುಲಿದ ಲಕ್ಷಣ. ಇಲ್ಲಿ ಗಿಡಮೂಲಿಕೆ ಔಷಧ ತಿಂದು ತಿಂದು ಖಾಲಿ ಮಾಡಬೇಡಿ, ಇನ್ನೊಂದು ಪೆಟ್ಟಿಗೆ ಅಷ್ಟೂ ಹೋಗುತ್ತದೆ. ಮೊದಲು ಎಂಬರ್, ಆಮೇಲೆ ಔಷಧ. ಕ್ರಮ ತಪ್ಪಿದರೆ ಎರಡೂ ವ್ಯರ್ಥ.

## ಹಂತ 8: ಕೈಗೆ ಸಿಕ್ಕಾಗ, ಕೈ ಚಾಚುವಾಗ

ಕ್ಯಾಮೆರಾ ಇಳಿಸಿರುವಾಗ ದೆವ್ವ ನುಗ್ಗಿದರೆ ತಪ್ಪಿಸಿಕೊಳ್ಳುವ ಬಟನ್ ಇದೆ. ಸೂಚನೆ ಕಂಡ ಕೂಡಲೇ ಒತ್ತಿ. ಹಿಡಿದೇಬಿಟ್ಟರೆ ಕೊಸರಿಕೊಳ್ಳಬೇಕು, ತಡಮಾಡಿದಷ್ಟೂ ಹೆಲ್ತ್ ಹೀರಲ್ಪಡುತ್ತದೆ.

ವಸ್ತುಗಳನ್ನು ಎತ್ತಿಕೊಳ್ಳುವಾಗ ಬಟನ್ ಒತ್ತಿಹಿಡಿದರೆ ಕೈ ನಿಧಾನವಾಗಿ ಮುಂದೆ ಹೋಗುತ್ತದೆ. ಒಮ್ಮೊಮ್ಮೆ ಅಲ್ಲಿಂದ ದೆವ್ವದ ಕೈ ಬಂದು ಮಣಿಕಟ್ಟು ಹಿಡಿಯುತ್ತದೆ. ಆ ಕೈ ಕಂಡ ಗಳಿಗೆಗೇ ಬಟನ್ ಬಿಟ್ಟರೆ ತಪ್ಪಿಸಿಕೊಳ್ಳುತ್ತೀರಿ. ಬೇಜಾರಾಗಿ ಕಣ್ಣು ಬೇರೆಡೆ ಇಟ್ಟು ಎತ್ತಿಕೊಳ್ಳುವ ಅಭ್ಯಾಸ ಬೇಡ.

## ಹಂತ 9: ಇಬ್ಬರು ಮೂವರು ಸೇರಿ ಬಂದಾಗ

ಒಬ್ಬರ ಮೇಲೆ ಕಣ್ಣಿಟ್ಟರೆ ಇನ್ನೊಬ್ಬರು ಹಿಂದಿನಿಂದ ಬರುತ್ತಾರೆ. ಅದಕ್ಕೆ ಮೊದಲ ಕೆಲಸ ಚಿತ್ರ ತೆಗೆಯುವುದಲ್ಲ. ಕೋಣೆಯ ಒಂದು ಬದಿಗೆ ಓಡಿ, ತಿರುಗಿ, ಎಲ್ಲರೂ ಒಂದೇ ದಿಕ್ಕಿನಲ್ಲಿ ಕಾಣುವಂತೆ ನಿಂತುಕೊಳ್ಳಿ. ಎಲ್ಲರೂ ಒಂದೇ ಚೌಕಟ್ಟಿಗೆ ಬಂದರೆ ಗುರಿಗಳ ಸಂಖ್ಯೆ ತಾನಾಗಿಯೇ ಏರುತ್ತದೆ, ಶಟರ್ ಚಾನ್ಸ್ ಒಂಟಿ ದೆವ್ವಕ್ಕಿಂತ ಸುಲಭವಾಗಿ ಸಿಗುತ್ತದೆ. ಗುಂಪು ಚದುರಿದರೆ ಮತ್ತೆ ಓಡಿ, ಮತ್ತೆ ಒಂದೇ ಬದಿಗೆ ತನ್ನಿ. ಕುರಿ ಮೇಯಿಸುವವರು ಮಂದೆಯನ್ನು ಒಂದು ಕಡೆ ಮಾಡಿಕೊಳ್ಳುವ ಹಾಗೆ.

ಅಪಾಯದ ಲಕ್ಷಣ ಹೀಗೆ ಗೊತ್ತಾಗುತ್ತದೆ: ಎಚ್ಚರಿಕೆಯ ಬೆಳಕು ಕೆಂಪಾಗಿದೆ, ಆದರೆ ಫೈಂಡರ್‌ನಲ್ಲಿ ಒಬ್ಬರೂ ಇಲ್ಲ. ಆಗ ಹುಡುಕುತ್ತಾ ನಿಲ್ಲಬೇಡಿ. ಕ್ಯಾಮೆರಾ ಇಳಿಸಿ ಜಾಗ ಬಿಡಿ.

## ಹಂತ 10: ಕಾಳಗ ಮುಗಿದ ಕೂಡಲೇ

ಸೋತ ದೆವ್ವ ಕರಗಿಹೋಗುವ ಮುಂಚೆ ಹತ್ತಿರ ಹೋಗಿ ಮುಟ್ಟಿ. ಅದರ ಕೊನೆಯ ಗಳಿಗೆಗಳು ಚಿಕ್ಕ ದೃಶ್ಯವಾಗಿ ಕಾಣುತ್ತವೆ, ಅಂಕಗಳೂ ಸಿಗುತ್ತವೆ. ಇದಕ್ಕೆ ಸಿಗುವ ಸಮಯ ಕಡಿಮೆ, ನಿಟ್ಟುಸಿರು ಬಿಡುತ್ತಾ ನಿಂತರೆ ಹೋಯಿತು. ಅಂಕಕ್ಕಿಂತ ಆ ದೃಶ್ಯಕ್ಕಾಗಿ ನಾನು ಮುಟ್ಟುತ್ತೇನೆ. ಇಷ್ಟು ಹೊತ್ತು ಹೆದರಿಸಿದವರು ಹೇಗೆ ಸತ್ತರು ಅಂತ ನೋಡಿದ ಮೇಲೆ ಅವರು ಬೇರೆಯೇ ಆಗಿ ಕಾಣುತ್ತಾರೆ.

ಅಂಕಗಳನ್ನು ಔಷಧ ಕೊಳ್ಳಲು ಸುರಿಯಬೇಡಿ, ಉಡುಪುಗಳಿಗಂತೂ ಈಗ ಬೇಡವೇ ಬೇಡ. ಮೊದಲು ಕ್ಯಾಮೆರಾದ ಬಲ ಹೆಚ್ಚಿಸಲು ಬಳಸಿ. ಔಷಧ ಒಂದು ಕಾಳಗ ಉಳಿಸುತ್ತದೆ, ಕ್ಯಾಮೆರಾದ ಬಲ ಕೊನೆಯವರೆಗೂ ಉಳಿಯುತ್ತದೆ.

ಗೇಮ್‌ನಲ್ಲಿ ನಾವು ಆಡಿಸುವ ಪಾತ್ರಗಳು ಅಧ್ಯಾಯಕ್ಕೆ ತಕ್ಕಂತೆ ಬದಲಾಗುತ್ತವೆ. ಯೂರಿ ಎಂಬ ಪಾತ್ರದಲ್ಲಿ ಇಷ್ಟೆಲ್ಲ ಕಲಿತ ಮೇಲೆ ರೆನ್ ಎಂಬ ಇನ್ನೊಂದು ಪಾತ್ರದ ಅಧ್ಯಾಯ ಬಂದಾಗ ಒಂದು ಎಚ್ಚರ. ಅವನ ಕ್ಯಾಮೆರಾ ರೀಲೋಡ್ ಇಲ್ಲದೆ ನಾಲ್ಕು ಚಿತ್ರ ಬಿಡದೆ ತೆಗೆಯುತ್ತದೆ. ಕೈ ಹಗುರಾಗಿ ಹಳೆಯ ಚಾಳಿ, ದೂರದಿಂದ ಟಕಟಕ ಒತ್ತುವುದು, ತಿರುಗಿ ಬರುತ್ತದೆ. ಮೂರು ಚಿತ್ರ ಚೂರುಗಳಿಗೆ ಬಳಸಿ, ನಾಲ್ಕನೆಯದನ್ನು ಕೆಂಪು ಬೆಳಕಿಗೆ ಉಳಿಸಿಕೊಳ್ಳಿ. ಮತ್ತೆ ಯೂರಿಯ ಅಧ್ಯಾಯ ಶುರುವಾದಾಗ ಮೊದಲ ದೆವ್ವದೆದುರು ಒಂದು ಸಲ ಬೆರಳು ತೆಗೆದು ನಿಂತು ನೋಡಿ, ಆಮೇಲೆ ಮುಂದುವರಿಯಿರಿ.